ಅವಸರವೇ ಗೊತ್ತಿಲ್ಲದ ಮಿಂಚು

ಅಂಕಣದವರು: ಮಿಷನ್ ನಿಲ್ಸು ಅಂದೆ. ನಾನು ಓದ್ತಾ ಇರೋದು ಕಾಣಲ್ವಾ ನಿನಗೆ?

ಟೈಲರಮ್ಮ: ಕಾಣುತ್ತೆ. ಕೇಳಬಾರದು ಅಂತಾನೇ ತುಳಿದೆ.

ಅಂಕಣದವರು: ಯಾವ ಪದಕ್ಕೆ ತುಳಿದೆ, ಅದನ್ನಾದ್ರೂ ಹೇಳು.

ಟೈಲರಮ್ಮ: ಗಾಂಭೀರ್ಯ ಅಂದ್ರಲ್ಲ, ಅದಕ್ಕೆ.

ಅಂಕಣದವರು: ಗಾಂಭೀರ್ಯಕ್ಕೆ ಏನಾಗಿದೆ?

ಟೈಲರಮ್ಮ: ಅದಕ್ಕೇನೂ ಆಗಿಲ್ಲ, ಚೆನ್ನಾಗೇ ಇದೆ. ನಿಮಗೇನಾಗಿದೆ ಅಂತ ನನ್ನ ಚಿಂತೆ.

ಬೀದಿಯವರು ಅವಳನ್ನು ಟೈಲರಮ್ಮ ಎನ್ನುತ್ತಿದ್ದರು, ಅವಳ ಗಂಡನನ್ನು ಅಂಕಣದವರು ಎನ್ನುತ್ತಿದ್ದರು. ಇಬ್ಬರ ಕೆಲಸಕ್ಕೂ ಇದ್ದದ್ದು ಒಂದೇ ಕೋಣೆ. ಕಿಟಕಿಯ ಕಡೆಯ ಅರ್ಧದಲ್ಲಿ ಹೊಲಿಗೆ ಮಿಷನ್ನು, ಕತ್ತರಿ, ಕತ್ತರಿಸಿ ಉಳಿದ ಚಿಂದಿಯ ಬುಟ್ಟಿ. ಗೋಡೆಯ ಕಡೆಯ ಅರ್ಧದಲ್ಲಿ ಅವರ ಕುರ್ಚಿ, ಕಾಲು ಕುಂಟುವ ಮೇಜು, ಅದರ ಮೇಲೆ ಹಳೆಯ ವಾರಪತ್ರಿಕೆಗಳ ರಾಶಿ. ಆ ವಾರಪತ್ರಿಕೆಯಲ್ಲಿ ಸಂಗೀತದ ಅಂಕಣ ಬರೆಯುವುದೇ ಅವರ ಬದುಕಿನ ಹೆಮ್ಮೆ. ಬರೆದದ್ದನ್ನು ಕಳಿಸುವ ಮುಂಚೆ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುವುದು ಮೊದಲಿನಿಂದಲೂ ನಡೆದುಬಂದ ಪದ್ಧತಿ. ಮಾತು ನಿಜ ಅನ್ನಿಸಿದರೆ ಟೈಲರಮ್ಮ ಸುಮ್ಮನೆ ಕೈಯಲ್ಲಿ ಎಳೆ ಹಾಕುತ್ತ ಕೂತಿರುತ್ತಾಳೆ. ಎಲ್ಲೋ ಸುಳ್ಳು ಇಣುಕಿದರೆ ಬಾಯಿ ಬಿಡುವುದಿಲ್ಲ, ಪೆಡಲ್ ತುಳಿಯುತ್ತಾಳೆ. ಮಿಷನ್ನಿನ ಸದ್ದಿಗೆ ಎಷ್ಟೋ ಉತ್ಪ್ರೇಕ್ಷೆಗಳು ಅಲ್ಲೇ ಮಣ್ಣಾಗಿದ್ದವು. ಕೊನೆಗೆ ಅವಳು ಒಂದು ಸಲ "ಹೂಂ" ಅಂದಮೇಲೆಯೇ ಬರಹ ಮನೆ ಬಿಡುತ್ತಿತ್ತು.

ಇವತ್ತು ಮಾತ್ರ ಮೊದಲ ಸಾಲಿಗೇ ಮಿಷನ್ ಓಡಿತ್ತು.

ಅಂಕಣದವರು: ಮತ್ತೆ ಓದ್ತೀನಿ. ಮನಸ್ಸಿಟ್ಟು ಕೇಳು. "ಈ ವಾರ ಬಿಡುಗಡೆಯಾದ ಮೂರು ಹಿಪ್‌ಹಾಪ್ ಹಾಡುಗಳಲ್ಲಿ ಮೊದಲನೆಯದು 'ಲಿಫ್ಟ್ ಕೆಟ್ಟಿದೆ'. ಆರನೇ ಮಹಡಿ ಎಂಬ ಹೆಸರಿಟ್ಟುಕೊಂಡ ಯುವಕನೊಬ್ಬ ಇದನ್ನು ಅಪಾರ ತಾಳ್ಮೆಯಿಂದ, ಗಾಂಭೀರ್ಯ..."

ಮಿಷನ್ ಗರ್ರ್ ಎಂದಿತು.

ಅಂಕಣದವರು: ಲೇ!

ಟೈಲರಮ್ಮ: ತಾಳ್ಮೆ ಅನ್ನೋ ತನಕ ತಡ್ಕೊಂಡಿದ್ದೆ. ನನ್ನ ತಾಳ್ಮೆಗೂ ಒಂದು ಮಿತಿ ಬೇಡ್ವಾ? ಮೇಲಿನ ಮನೆ ಪೇಂಟರ್ ಬೆಳಗಾದ್ರೆ ಇಂಥದೇ ಹಾಡುಗಳನ್ನ ಹಾಕ್ತಾನೆ. ಆಗ ನೀವೇನಂದಿದ್ರಿ?

ಅಂಕಣದವರು: ಏನಂದಿದ್ದೆ?

ಟೈಲರಮ್ಮ: ಪಾತ್ರೆ ಅಂಗಡಿ ಮೆಟ್ಟಿಲಿಂದ ಉರುಳಿಬಿದ್ದ ಹಾಗಿದೆ ಅಂದ್ರಿ. ಅಂಗಡಿಯವನೂ ಜೊತೇಲಿ ಬಿದ್ದಿದ್ದಾನೆ, ಅದಕ್ಕೇ ಆ ಬಡಬಡಿಕೆ ಅಂದ್ರಿ.

ಅಂಕಣದವರು: ಅದು ಕೇಳದೇ ಆಡಿದ ಮಾತು. ಈಗ ಕೂತು ಕೇಳಿದ್ದೀನಿ.

ಟೈಲರಮ್ಮ: ಕೇಳಿದ್ದು ಹಾಡನ್ನಲ್ಲ, ಸಂಪಾದಕಿ ಮಾತನ್ನ.

ಅಂಕಣದವರ ಮುಖ ಬಾಡಿತು. ಟೈಲರಮ್ಮನಿಗೆ ಅಯ್ಯೋ ಅನ್ನಿಸಿದರೂ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ವಿಷಯ ಇದ್ದದ್ದೇ ಹಾಗೆ. ಪತ್ರಿಕೆಗೆ ಹೊಸದಾಗಿ ಬಂದ ಸಂಪಾದಕಿ ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ನೇರ. "ಸರ್, ನಿಮ್ಮ ಅಂಕಣದಲ್ಲಿ ಯಾವಾಗಲೂ ಹಳೇ ಹಾಡೇ ಆಯ್ತು. ಈ ವಾರ ಹೊಸದಾಗಿ ಬಂದ ಮೂರು ಹಿಪ್‌ಹಾಪ್ ಹಾಡು ಕೇಳಿ ಬರೀರಿ. ಆಗದಿದ್ರೆ ಹೇಳಿಬಿಡಿ, ಆ ಜಾಗ ಬೇರೆಯವರಿಗೆ ಕೊಡ್ತೀನಿ" ಎಂದಿದ್ದಳು. ಪುಟ ಇವತ್ತು ಸಂಜೆ ಐದಕ್ಕೆ ಅಚ್ಚಿಗೆ ಹೋಗುತ್ತದೆ. ಇಷ್ಟು ವರ್ಷದಲ್ಲಿ ಮುಖ ನೋಡಿ ಒಂದು ಸಾಲು ಹೊಗಳದ ಮನುಷ್ಯ, ಈಗ ಜಾಗ ಉಳಿಸಿಕೊಳ್ಳಲು ಪಾತ್ರೆ ಅಂಗಡಿಗೆ ಗಾಂಭೀರ್ಯದ ಹಾರ ಹಾಕುತ್ತಿದ್ದಾರಲ್ಲ ಎಂದು ಟೈಲರಮ್ಮನಿಗೆ ಒಳಗೊಳಗೇ ಉರಿ.

ಅಂಕಣದವರು: ಹಾಗಾದ್ರೆ ನಾನು ಸುಳ್ಳ ಅಂತೀಯ.

ಟೈಲರಮ್ಮ: ಸುಳ್ಳರು ಅಂದ್ನಾ? ಹೆದರಿದ್ದೀರಿ ಅಂದೆ.

ಅಂಕಣದವರು: ಆ ಹುಡುಗಿಗೆ ನಾನ್ಯಾಕೆ ಹೆದರಲಿ?

ಟೈಲರಮ್ಮ: ಹೆದರದೇ ಇದ್ರೆ ಪಾಪ, ಗಾಂಭೀರ್ಯ ಇಲ್ಲೀ ತನಕ ಯಾಕೆ ಬರ್ತಿತ್ತು?

ಅಂಕಣದವರು: ನೋಡು, ಹಾಡಿನ ಸಾಲೇ ಹೇಳ್ತೀನಿ. ಆಮೇಲೆ ನೀನೇ ಹೇಳು.

ಅವರು ಕನ್ನಡಕ ಮೇಲೇರಿಸಿಕೊಂಡು, ಮಗುವಿಗೆ ಉಣ್ಣಿಸುವವರ ಹಾಗೆ ಒಂದೊಂದೇ ಪದ ಬಿಡಿಸಿ ಹೇಳತೊಡಗಿದರು.

"ಲಿಫ್ಟು ಕೆಟ್ಟು ಕೂತಿದೆ, ಬಾಗಿಲಿಗೆ ಬೀಗ,
ಅಮ್ಮ ಮೆಟ್ಟಿಲೇರ್ತಾಳೆ, ಏದುಸಿರಿನ ರಾಗ.
ಮಂಡಿಯೊಂದು ಕೇಳುತ್ತೆ, ಇನ್ನೆಷ್ಟಿದೆ ಮೇಲೆ?
ಇನ್ನೊಂದು ಮಂಡಿ ಗದರುತ್ತೆ, ಆಮೇಲೆ, ಆಮೇಲೆ!"

ಟೈಲರಮ್ಮನ ಕಾಲು ಪೆಡಲ್ ಮೇಲೇ ಇತ್ತು, ತುಳಿಯಲಿಲ್ಲ. ಅವಳ ಎಡಮಂಡಿಗೆ ತನ್ನ ಹೆಸರು ಹಿಡಿದು ಯಾರೋ ಕರೆದ ಹಾಗಾಗಿತ್ತು.

ಟೈಲರಮ್ಮ: ಇದು ಆ ಹಾಡಲ್ಲಿದೆಯಾ?

ಅಂಕಣದವರು: ಮತ್ತೆ ನಾನು ಕಟ್ಟಿದ್ನಾ?

ಟೈಲರಮ್ಮ: ಚೆನ್ನಾಗಿದೆ. ಆದ್ರೆ ಇದು ನಿಮಗೆ ಕೇಳಿಸಿತಾ ಅಂತ. ನಾನೂ ಕಿವಿ ಇಟ್ಕೊಂಡೇ ಕೂತಿರ್ತೀನಿ, ಪೇಂಟರ್ ಹಾಕಿದಾಗ ಒಂದು ಪದ ಬಿಡಿಸಿ ಕೈಗೆ ಸಿಗಲ್ಲ. ಇವರು ಮಾತಾಡಿದ್ರೆ ಪಟಾಕಿ ಸರಕ್ಕೆ ಬೆಂಕಿ ಇಟ್ಟ ಹಾಗಲ್ವಾ?

ಅಂಕಣದವರು: ಪೇಂಟರ್‌ನ ಹಾಡಿಗೂ ಇದಕ್ಕೂ ಹೋಲಿಕೆ ಬೇಡ. ಇದರಲ್ಲಿ ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಚಾಪೆ ಹಾಸಿ ಮಲಗಬಹುದು. ಅಷ್ಟು ಜಾಗ ಬಿಟ್ಟಿದ್ದಾರೆ.

ಟೈಲರಮ್ಮ: ಹಿಪ್‌ಹಾಪಿನಲ್ಲಾ?

ಅಂಕಣದವರು: ಹಿಪ್‌ಹಾಪಿನಲ್ಲೇ!

ಟೈಲರಮ್ಮ: ನಿಮಗೆ ಜ್ವರ ಗಿರ ಇಲ್ವಷ್ಟೆ?

ಅಂಕಣದವರು: ಎರಡನೇದು ಕೇಳು. ಗುಂಡುಸೂಜಿ ಅಂತ ಒಬ್ಬ ಹುಡುಗಿ. ಫೋನಲ್ಲಿ ದಿನವಿಡೀ ಜನರಿಗೆ "ದಯವಿಟ್ಟು ಕಾಯಿರಿ" ಅಂತ ಹೇಳೋ ಕೆಲಸ ಅವಳದ್ದು. ಹಾಡೂ ಅದರ ಮೇಲೇ. "ಎಲ್ಲರನ್ನೂ ಕಾಯಿಸಿದೆ, ನನಗೆ ಯಾರು ಕಾದ್ರು? ಬಾಗಿಲು ತೆಗೆದು ನೋಡಿದ್ರೆ ಚಪ್ಪಲಿ ಮಾತ್ರ ಎದ್ರು." ಇದಕ್ಕೆ ನಾನು ಬರೆದದ್ದು: "ಈಕೆ ಯಾವ ಪದವನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಪದ ತಾನಾಗಿ ಬಂದು ಕೂರುವ ತನಕ ಕಾಯುತ್ತಾಳೆ." ಹೇಗಿದೆ?

ಟೈಲರಮ್ಮ: ಹುಡುಗಿ ಚೆನ್ನಾಗಿ ಬರೆದಿದ್ದಾಳೆ.

ಅಂಕಣದವರು: ನಾನು ಬರೆದದ್ದು ಹೇಗಿದೆ ಅಂದೆ.

ಟೈಲರಮ್ಮ: ಅವಳ ಚಪ್ಪಲಿ ನಿಜ. ನಿಮ್ಮ ಕಾಯೋದು ನಂಬೋಕಾಗಲ್ಲ.

ಅಂಕಣದವರು: ಇರಲಿ. ನಾನು ಬರೀ ಹೊಗಳಿದ್ದೀನಿ ಅಂತ ತಾನೇ ನಿನ್ನ ತಕರಾರು? ಮೂರನೆಯವನಿಗೆ ಸರಿಯಾಗಿ ಬಿಸಿ ಮುಟ್ಟಿಸಿದ್ದೀನಿ. ಅವನ ಹೆಸರು ಮಿಂಚು, ಹಾಡಿನ ಹೆಸರು 'ನಾನೇ ನಾನು'. ಕೇಳು: "ಈ ಯುವಕನಿಗೆ ಅವಸರವೆಂದರೇನೆಂದೇ ಗೊತ್ತಿಲ್ಲ. ಇವನು ತನ್ನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿ, ಒಲೆ ಒರೆಸಿ, ಇನ್ನೊಮ್ಮೆ ಹಾಲು ಇಡಬಹುದು. ಸ್ವಲ್ಪ ಚುರುಕುತನ ರೂಢಿಸಿಕೊಂಡರೆ ಭವಿಷ್ಯವಿದೆ." ಇದರಲ್ಲಿ ಹೆದರಿಕೆ ಎಲ್ಲಿದೆ, ತೋರಿಸು.

ಟೈಲರಮ್ಮ: ಹೆದರಿಕೆ ಇಲ್ಲ. ಆದ್ರೆ ಇದೂ ಹುಸಿ ಅನ್ನಿಸುತ್ತೆ. ಬಟ್ಟೆ ನೋಡಿದ ತಕ್ಷಣ ಎಲ್ಲೋ ಒಂದು ಕಡೆ ಎಳೀತಿದೆ ಅಂತ ಗೊತ್ತಾಗುತ್ತಲ್ಲ, ಎಲ್ಲಿ ಅಂತ ಗೊತ್ತಾಗಲ್ಲ. ಹಾಗಿದೆ.

ಅಂಕಣದವರು: ಎಳೆಯೋದು ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ! ಇದು ಯಾವ ಸೀಮೆ ವಿಮರ್ಶೆ?

ಟೈಲರಮ್ಮ: ವಿಮರ್ಶೆ ನಿಮ್ಮದು. ನನ್ನದು ಬರೀ ಪೆಡಲ್ಲು.

ಅಂಕಣದವರು: ಹೂಂ ಅಂತೀಯೋ ಇಲ್ವೋ?

ಟೈಲರಮ್ಮ: ಇಲ್ಲ.

ಅಂಕಣದವರು: ಗಂಟೆ ನೋಡು. ನಾಲ್ಕು ಹೊಡೆದಾಯ್ತು.

ಟೈಲರಮ್ಮ: ಹನ್ನೆರಡು ಹೊಡೆದ್ರೂ ಇಲ್ಲ.

ಅಂಕಣದವರು ಎದ್ದು ನಿಂತರು. ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಹೆಂಡತಿಯ ಫೋನಿನಲ್ಲೇ ಒಂದೊಂದರ ಫೋಟೋ ತೆಗೆದರು. ಅವರ ಫೋನು ಮೊನ್ನೆ ಬಕೆಟ್ಟಿನ ನೀರಿಗೆ ಬಿದ್ದು ರಿಪೇರಿ ಅಂಗಡಿ ಸೇರಿತ್ತು. ಆಗಿನಿಂದ ಬರುವ ಕರೆ, ಹೋಗುವ ಕರೆ, ಹಾಡು, ಪಾಡು ಎಲ್ಲ ಟೈಲರಮ್ಮನ ಫೋನಿನಲ್ಲಿ. ಹೆಂಡತಿಯ ಮುಖವನ್ನು ಒಮ್ಮೆ ನೋಡಿ, ಟಕ್ ಎಂದು ಕಳಿಸಿಯೇಬಿಟ್ಟರು. ಅವಳ ಹೂಂ ಇಲ್ಲದೆ ಹೊರಟ ಮೊದಲ ಬರಹ ಅದು.

ಟೈಲರಮ್ಮ ಪೆಡಲ್ ಮೇಲಿಂದ ಕಾಲು ತೆಗೆದು ಕತ್ತರಿ ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಚಪ್ಪಲಿಯನ್ನು ಬಾಗಿಲಲ್ಲೇ ಒದ್ದು ಮಗಳು ಒಳಗೆ ಬಂದಳು. ಡ್ರೈವಿಂಗ್ ಶಾಲೆಯಲ್ಲಿ ಜನರಿಗೆ ಕಾರು ಕಲಿಸುವುದು ಅವಳ ಕೆಲಸ. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಕೂತು, ಮನೆಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೂ ಅವಳ ಬಲಗಾಲು ಬ್ರೇಕ್ ಹಾಕುವಂತೆ ತಾನಾಗಿ ನೆಲ ಒತ್ತುತ್ತಿತ್ತು.

ಮಗಳು: ಅಮ್ಮಾ, ನನ್ನ ಪ್ಯಾಂಟ್ ಅಂಚು ಹೊಲಿದಾಯ್ತಾ? ಇದೇನು, ಇಬ್ಬರೂ ಆಕ್ಸಿಡೆಂಟ್ ಆದವರ ಹಾಗೆ ಕೂತಿದ್ದೀರಿ?

ಅಂಕಣದವರು: ನಿಮ್ಮಮ್ಮ ನನ್ನನ್ನ ಸುಳ್ಳ ಅಂದಳು.

ಟೈಲರಮ್ಮ: ಅಂದಿಲ್ಲ ಕಣೇ, ತುಳಿದೆ ಅಷ್ಟೇ.

ಮಗಳು: ಯಾವುದಕ್ಕೆ?

ಅಂಕಣದವರು: ಹಿಪ್‌ಹಾಪಿಗೆ! ನೀನೇ ಓದಿ ಹೇಳು. ಈಗಿನ ಕಾಲದವಳು, ನಿನಗಾದ್ರೂ ಅರ್ಥ ಆಗುತ್ತೆ.

ಮಗಳು ನಿಂತೇ ಓದತೊಡಗಿದಳು. ಮೊದಲ ಹಾಳೆಗೆ ಹುಬ್ಬು ಏರಿತು. ಎರಡನೆಯದಕ್ಕೆ ಇನ್ನಷ್ಟು ಏರಿತು. ಮೂರನೆಯದಕ್ಕೆ ಬಂದಾಗ ಹೊಟ್ಟೆ ಹಿಡಿದುಕೊಂಡು ಚಿಂದಿಯ ಬುಟ್ಟಿಯ ಪಕ್ಕದಲ್ಲೇ ಕುಸಿದು ಕೂತಳು.

ಮಗಳು: ಅಪ್ಪಾ! ಮಿಂಚಿಗೆ ಅವಸರ ಗೊತ್ತಿಲ್ವಾ?

ಅಂಕಣದವರು: ಯಾಕೆ, ತುಂಬಾ ಖಾರ ಆಯ್ತಾ?

ಮಗಳು: ಅವನು ಹಾಡೋಕೆ ಶುರು ಮಾಡಿದ್ರೆ ಬೇರೆ ಹಾಡುಗಾರರು ಕೈಮುಗಿದು ಪಕ್ಕಕ್ಕೆ ಸರೀತಾರೆ. ಅವನಷ್ಟು ಬಿರುಸಾಗಿ ಹಾಡೋರೇ ಇಲ್ಲ. ಅದಕ್ಕೇ ಮಿಂಚು ಅಂತ ಹೆಸರು!

ಅಂಕಣದವರು: ನೀನು ಬೇರೆ ಯಾರನ್ನೋ ಹೇಳ್ತಿದ್ದೀಯ. ಈ ಮಿಂಚು ಪಾಪದವನು. ಮಾತಾಡ್ತಾ ಮಾತಾಡ್ತಾ ಅವನಿಗೇ ಕಣ್ಣು ಎಳೆಯುತ್ತೆ.

ಮಗಳು: ಬೇರೆ ಮಿಂಚು ಇಲ್ಲಪ್ಪ.

ಅಂಕಣದವರು: ಇರಬಹುದು ಕಣಮ್ಮ, ಮೋಡಕ್ಕೊಂದು ಮಿಂಚು ಇರುತ್ತೆ. ನಾನು ಕೇಳಿದ್ದು ನಿಧಾನದ ಮಿಂಚು.

ಟೈಲರಮ್ಮ: ನೋಡಿದ್ಯಾ? ನಾನು ಹೇಳಿದ್ದೇ ಅದು. ಎಲ್ಲೋ ಎಳೀತಿತ್ತು.

ಮಗಳು: ಅಪ್ಪಾ, ಒಂದು ಸಲ ಹಾಕು ನೋಡೋಣ.

ಅಂಕಣದವರು ಇಯರ್‌ಫೋನನ್ನು ಮಗಳ ಕಿವಿಗೆ ಹಿಡಿದರು. ಅವಳು ಅದನ್ನು ಫೋನಿನಿಂದ ಕಿತ್ತು ಬದಿಗಿಟ್ಟಳು. ಆಗ ಮೊದಲ ಸಲ ಆ ಹಾಡು ಕೋಣೆಯ ಗಾಳಿಗೆ ಬಿತ್ತು. "ನಾ...ನೇ... ನಾ...ನು..." ಎಂದು ಒಬ್ಬ ಮನುಷ್ಯ, ಊಟವಾದ ಮೇಲೆ ಕುರ್ಚಿಯಲ್ಲಿ ಒರಗಿಕೊಂಡು ತನ್ನನ್ನು ತಾನೇ ಹುಡುಕುವ ಹಾಗೆ ಮಾತಾಡತೊಡಗಿದ. ಹಿಂದಿನ ಡೋಲು ಒಂದು ಸಲ ಬಡಿದು, ಮತ್ತೆ ಬಡಿಯಬೇಕೋ ಬೇಡವೋ ಎಂದು ಯೋಚಿಸುತ್ತಿತ್ತು.

ಅಂಕಣದವರು: ಈಗ ಹೇಳು. ಹಾಲು ಉಕ್ಕುತ್ತೋ ಇಲ್ವೋ?

ಮಗಳು ಫೋನು ಇಸಿದುಕೊಂಡು ಎಲ್ಲೋ ಎರಡು ಸಲ ಒತ್ತಿ ನೋಡಿದಳು. ಅವಳ ನಗು ಅರ್ಧಕ್ಕೇ ನಿಂತಿತು.

ಮಗಳು: ಇದರ ಸ್ಪೀಡ್ ಅರ್ಧಕ್ಕೆ ಇಟ್ಟಿದೆ.

ಅಂಕಣದವರು: ಯಾವುದರ ಅರ್ಧಕ್ಕೆ?

ಮಗಳು: ಹಾಡಿನ ವೇಗದ ಅರ್ಧಕ್ಕೆ. ಇದರಲ್ಲಿ ಏನು ಹಾಕಿದ್ರೂ ಅರ್ಧ ವೇಗದಲ್ಲೇ ಓಡುತ್ತೆ. ಒಂದು ಸಲ ಹಾಗೆ ಇಟ್ರೆ ಮತ್ತೆ ಬದಲಾಯಿಸೋ ತನಕ ಹಾಗೇ ಇರುತ್ತೆ. ಯಾರು ಇಟ್ಟದ್ದು?

ಟೈಲರಮ್ಮ ಸೂಜಿಗೆ ದಾರ ಪೋಣಿಸಲು ಇದೇ ಒಳ್ಳೆಯ ಸಮಯ ಎನ್ನುವಂತೆ ಕಿಟಕಿಯ ಕಡೆ ತಿರುಗಿದಳು. ದಾರ ಆಗಲೇ ಸೂಜಿಯಲ್ಲಿತ್ತು.

ಮಗಳು: ಅಮ್ಮಾ?

ಟೈಲರಮ್ಮ: ಇದೇ ಫೋನಲ್ಲಿ ಕಾಲರ್ ಹೊಲಿಯೋ ವಿಡಿಯೋ ಪಾಠ ನೋಡ್ತೀನಲ್ಲ... ಆ ಹೆಂಗಸಿನ ಕೈ ಕಣ್ಣಿಗೆ ಸಿಗಲ್ಲ ಕಣೇ. ಮಡಚಿದಳು ಅನ್ನೋದ್ರೊಳಗೆ ಹೊಲಿದೇಬಿಟ್ಟಿರ್ತಾಳೆ. ನೀನೇ ತಾನೇ ಒಂದಿನ ತೋರಿಸಿಕೊಟ್ಟೆ, ಹೀಗೆ ಮಾಡಿದ್ರೆ ನಿಧಾನ ಆಗುತ್ತೆ ಅಂತ.

ಅಂಕಣದವರು: ಅಂದ್ರೆ ಕಾಲರ್ ಪಾಠದ ವೇಗದಲ್ಲಿ ನಾನು ಮಿಂಚನ್ನ ಕೇಳಿದ್ದೀನಾ?

ಟೈಲರಮ್ಮ: ಕಿವಿಗೆ ಸಿಕ್ಕಿಸ್ಕೊಂಡು ಕೂತಿದ್ರಿ. ಗಟ್ಟಿಯಾಗಿ ಹಾಕಿದ್ರೆ ನನಗಾದ್ರೂ ಗೊತ್ತಾಗ್ತಿತ್ತು.

ಅಂಕಣದವರು: ಮಿಷನ್ ಸದ್ದಿಗೆ ತಾನೇ ಸಿಕ್ಕಿಸ್ಕೊಂಡದ್ದು!

ಮಗಳು: ಜಗಳ ಆಮೇಲೆ. ನಿಜವಾದ ವೇಗ ಹಾಕ್ತೀನಿ, ಗಟ್ಟಿಯಾಗಿ ಹಿಡ್ಕೊಳ್ಳಿ.

ಹಾಕಿದಳು. ಅಂಕಣದವರು ಕುರ್ಚಿಯ ಕೈ ಹಿಡಿಯುವಷ್ಟರಲ್ಲಿ ಮಿಂಚು ತನ್ನ ಹೆಸರು, ತನ್ನ ಪ್ರತಾಪ, ತನ್ನ ವೈರಿಗಳ ಸೋಲು ಎಲ್ಲವನ್ನೂ ಹೇಳಿ ಮುಂದಿನ ಬೀದಿಗೆ ಹೋಗಿದ್ದ. ಅವರು ಬಾಯಿ ತೆರೆದವರು ಹಾಡು ಮುಗಿದ ಮೇಲೂ ಮುಚ್ಚಲಿಲ್ಲ.

ಅಂಕಣದವರು: ಇವನಿಗೆ ನಾನು ಚುರುಕುತನ ರೂಢಿಸಿಕೋ ಅಂದಿದ್ದೀನಿ.

ಮಗಳು: ಹೂಂ.

ಅಂಕಣದವರು: ಕಳಿಸಿಯೂ ಆಗಿದೆ.

ಟೈಲರಮ್ಮ: ರೀ! ಹಾಗಾದ್ರೆ ನೀವು ಸುಳ್ಳು ಬರೆದಿರಲಿಲ್ಲ!

ಅವಳ ಮುಖ ಅರಳಿತು. ಎದ್ದು ಬಂದು ಅವರ ಹೆಗಲ ಮೇಲಿದ್ದ ದಾರದ ತುಣುಕನ್ನು ತೆಗೆದಳು. ಅಂಕಣದವರು ತಲೆಯ ಮೇಲೆ ಕೈ ಹೊತ್ತಿದ್ದರೆ ಅವಳಿಗೆ ಹಬ್ಬ.

ಅಂಕಣದವರು: ನನ್ನ ಮಾನ ಹರಾಜಿಗೆ ನಿಂತಿದೆ, ನೀನು ನಗ್ತೀಯಲ್ಲೇ!

ಟೈಲರಮ್ಮ: ನಗದೇ ಏನ್ಮಾಡ್ಲಿ? ನೀವು ಹೆದರಿ ಹೊಗಳಿದ್ರಿ ಅಂತ ನನ್ನ ಹೊಟ್ಟೆ ಉರೀತಿತ್ತು. ಹೆದರಿಲ್ಲ, ಬರೀ ತಪ್ಪು ಕೇಳಿಸ್ಕೊಂಡಿದ್ದೀರಿ. ದೇವರು ದೊಡ್ಡೋನು.

ಮಗಳು: ಅಪ್ಪಾ, ಇನ್ನೂ ಹೊತ್ತಿದೆ. ಸಂಪಾದಕಿಗೆ ಫೋನ್ ಮಾಡಿ ಮೂರನೇ ಹಾಡಿಂದು ಮಾತ್ರ ತೆಗೆಸಿಬಿಡು. ಮೊದಲ ಎರಡು ಹೊಗಳಿಕೆ ತಾನೇ, ಯಾರು ಕೇಳ್ತಾರೆ?

ಅಂಕಣದವರು: ಅದು ಹೇಗಾಗುತ್ತೆ? ತಾಳ್ಮೆ, ಜಾಗ, ಚಾಪೆ, ಎಲ್ಲ ಅರ್ಧ ವೇಗದ್ದು! ಆ ಹಾಡನ್ನ ಅವರು ಹಾಗೆ ಹಾಡೇ ಇಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡ್ತೀನಿ.

ಮಗಳು: ಹೇಳಿದ್ರೆ ಅಂಕಣ ಹೋಗುತ್ತೆ. ಹಾಡು ಹಾಕೋಕೇ ಬರದವರು ವಿಮರ್ಶೆ ಹೇಗೆ ಬರೀತಾರೆ ಅಂತಾಳೆ.

ಈಗ ಟೈಲರಮ್ಮನ ನಗು ಸ್ವಲ್ಪ ಇಳಿಯಿತು. ಅಂಕಣವಿಲ್ಲದ ಗಂಡ ಆ ಗೋಡೆಯ ಕಡೆಯ ಕುರ್ಚಿಯಲ್ಲಿ ಬೆಳಗಿನಿಂದ ಸಂಜೆಯ ತನಕ ಕೂತಿರುವುದು ಅವಳ ಕಣ್ಣಿಗೆ ಕಟ್ಟಿತು.

ಟೈಲರಮ್ಮ: ಅಲ್ಲಾ ರೀ... ಮೂರನೇದು ಮಾತ್ರ ತೆಗೆಸಿದ್ರೆ ಆಗಲ್ವಾ?

ಅಂಕಣದವರು: ಈಗ ಯಾರು ಹೆದರಿದ್ದು?

ಟೈಲರಮ್ಮ: ನಾನೇ. ಅಂಕಣ ಹೋದ್ರೆ ನೀವು ಏನನ್ನ ವಿಮರ್ಶೆ ಮಾಡ್ತೀರಿ? ನನ್ನ ಹೊಲಿಗೆ, ನನ್ನ ಅಡುಗೆ, ನನ್ನ ನಡಿಗೆ. ನನಗೆ ಹೆದರಿಕೆ ಆಗಬಾರದಾ?

ಅಂಕಣದವರು: ನಿನ್ನ ನಡಿಗೆಗೆ ಗಾಂಭೀರ್ಯ ಇದೆ.

ಟೈಲರಮ್ಮ: ಇಲ್ಲಿ ಪೆಡಲ್ ಹತ್ರ ಇಲ್ಲ ಅಂತ ಧೈರ್ಯ ನಿಮಗೆ.

ಅಂಕಣದವರು ನಗಲಿಲ್ಲ. ಫೋನಿನ ಕಡೆ ಕೈ ಚಾಚಿದರು.

ಅಂಕಣದವರು: ಮೊದಲನೇ ಹಾಡು ಹಾಕಮ್ಮ. ಇದ್ದ ವೇಗದಲ್ಲಿ. ಹೇಳೋಕೆ ಮುಂಚೆ ಒಂದು ಸಲ ನಿಜವಾಗಿ ಕೇಳ್ತೀನಿ.

'ಲಿಫ್ಟ್ ಕೆಟ್ಟಿದೆ' ಬಂತು. ಪದಗಳು ಒಂದರ ಹೆಗಲ ಮೇಲೊಂದು ಹತ್ತಿ ಓಡತೊಡಗಿದವು. ಟೈಲರಮ್ಮನಿಗೆ ಪೇಂಟರ್‌ನ ಮನೆಯೇ ಕೆಳಗಿಳಿದು ಬಂದ ಹಾಗಾಯಿತು. ಆದರೆ ಸ್ವಲ್ಪ ಹೊತ್ತಿಗೆ ಏನೋ ಬೇರೆ ಆಯಿತು. ಬೀಗ ಬಂತು, ರಾಗ ಬಂತು, ಮಂಡಿಯೂ ಬಂತು. ಒಂದು ಸಲ ಬಿಡಿಸಿ ಕೇಳಿದ್ದರಿಂದ ಪ್ರತಿಯೊಂದೂ ಗುರುತಿನ ಮುಖದ ಹಾಗೆ ಕೈಬೀಸಿ ಹೋಗುತ್ತಿತ್ತು. ಅಂಕಣದವರ ತುಟಿಯೂ ಅಲ್ಲಾಡುತ್ತಿತ್ತು. ಹಾಡಿನ ಕೊನೆಗೆ ಹುಡುಗನ ಉಸಿರು ಕಟ್ಟಿ, ಅವನು ಸುಮ್ಮನೆ ಏದುಸಿರು ಬಿಡುವುದು ಮಾತ್ರ ಕೇಳಿತು.

ಅಂಕಣದವರು: ಅರೆ.

ಮಗಳು: ಏನಪ್ಪಾ?

ಅಂಕಣದವರು: ಅವನು ಹತ್ತುತ್ತಾ ಇದ್ದಾನೆ. ಅಮ್ಮನ ಹಿಂದೆ ಮೆಟ್ಟಿಲು ಹತ್ತುತ್ತಾನೇ ಹಾಡ್ತಿದ್ದಾನೆ. ಅದಕ್ಕೇ ಈ ಓಟ, ಅದಕ್ಕೇ ಈ ಉಸಿರು! ಅರ್ಧ ವೇಗದಲ್ಲಿ ನನಗೆ ಅಮ್ಮ ಕಂಡಿದ್ದಳು, ಮೆಟ್ಟಿಲು ಕಂಡಿರಲಿಲ್ಲ.

ಟೈಲರಮ್ಮ: ಇದನ್ನ ಹೇಳಿ. ಇದು ನಿಜ.

ಮಗಳು: ಹಾಗಾದ್ರೆ ಮಿಂಚಿಗೂ ಏನಾದ್ರೂ ಒಳ್ಳೆ ಮಾತು ಹೇಳ್ತೀಯಾ?

ಅಂಕಣದವರು: ಅವನನ್ನ ನಿಧಾನವಾಗಿ ಕೇಳಿದೆ, ಒಳಗೆ ಏನೂ ಇರಲಿಲ್ಲ. ಬೇಗ ಕೇಳಿದೆ, ಇಲ್ಲದೇ ಇದ್ದದ್ದು ಬೇಗ ಮುಗೀತು. ಅಷ್ಟು ಉಪಕಾರಕ್ಕೆ ಥ್ಯಾಂಕ್ಸ್ ಹೇಳ್ತೀನಿ.

ಸಂಪಾದಕಿಗೆ ಕರೆ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು, ಬಿಡುವಿಲ್ಲವೆಂದು ಫೋನೇ ಹೇಳಿತು. ಹೊಸದಾಗಿ ಬರೆದು ಫೋಟೋ ತೆಗೆಯುವಷ್ಟು ಹೊತ್ತೂ ಉಳಿದಿರಲಿಲ್ಲ.

ಮಗಳು: ವಾಯ್ಸ್ ಮೆಸೇಜ್ ಕಳಿಸು. ಇಲ್ಲಿ ಒತ್ತಿ ಹಿಡ್ಕೊಂಡು ಮಾತಾಡು. ಚಿಕ್ಕದಾಗಿ ಹೇಳಪ್ಪಾ, ಪುಣ್ಯ ಬರುತ್ತೆ.

ಅಂಕಣದವರು ಎದೆ ಸೆಟೆಸಿ, ಗಂಟಲು ಸರಿಮಾಡಿಕೊಂಡು, ಸಭೆಯ ಮುಂದೆ ನಿಂತವರಂತೆ ಶುರು ಮಾಡಿದರು. "ಮಾನ್ಯ ಸಂಪಾದಕಿಯವರೇ. ಮನುಷ್ಯ ಮಾತು ಕಲಿತ ಮೇಲೆ ಅವನಿಗೆ ಎರಡು ಆಸೆಗಳು ಹುಟ್ಟಿದವು. ಒಂದು, ಬೇಗ ಹೇಳುವ ಆಸೆ..." ಮಗಳ ಬಲಗಾಲು ನೆಲವನ್ನು ಒತ್ತಿತು. ಟೈಲರಮ್ಮ ಎರಡು ಬೆರಳು ಕೂಡಿಸಿ ಕತ್ತರಿ ಆಡಿಸಿ ತೋರಿಸಿದಳು. ಅಂಕಣದವರು ಅತ್ತ ಬೆನ್ನು ಹಾಕಿ ಮುಂದುವರಿದರು. ಡೋಲು ಹುಟ್ಟಿದ ಬಗೆ ಬಂತು, ಕಾಲರ್ ಪಾಠ ಬಂತು, ಅರ್ಧ ವೇಗ, ಮಂಡಿ, ಮೆಟ್ಟಿಲು, ತಪ್ಪೊಪ್ಪಿಗೆ, ಕೊನೆಗೆ, "ನಾನು ಕೇಳಿದ್ದು ಅವರು ಹಾಡದೇ ಇದ್ದ ಹಾಡು. ಇನ್ನೊಬ್ಬರ ಮಾತನ್ನು ಅವರ ವೇಗದಲ್ಲಿ ಕೇಳದೇ ತೀರ್ಪು ಕೊಡುವುದು ಅನ್ಯಾಯ. ಜಾಗ ಯಾರಿಗೆ ಕೊಡುತ್ತೀರೋ ನಿಮ್ಮ ಇಷ್ಟ" ಎಂದು ಮುಗಿಸಿದರು.

ಬೆರಳು ಎತ್ತಿದರು. ಸಂದೇಶ ಹೋಯಿತು. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಕುಡಿಯಲು ನೀರು ಕೇಳಿದರು. ಟೈಲರಮ್ಮ ಒಳಗೆ ಹೋಗಿ ಲೋಟ ತೊಳೆದು ತುಂಬಿ ತಂದಳು. ಅವರು ಅರ್ಧ ಲೋಟ ಕುಡಿಯುವಷ್ಟರಲ್ಲಿ ಫೋನು ಟಿಂಗ್ ಎಂದಿತು. ಮೂವರೂ ಒಂದೇ ಸಲ ಬಗ್ಗಿದರು. ಮಗಳು ಒತ್ತಿದಳು. ಸಂಪಾದಕಿಯ ದನಿ ಹಿಂದೆ ಮುಂದೆ ಜನರ ಗದ್ದಲದ ನಡುವಿನಿಂದ ಬಂತು.

"ಸರ್, ಪೂರ್ತಿ ಕೇಳಿದೆ. ಮಿಂಚಿಗೆ ಚುರುಕುತನ ಕಲಿಸೋ ಸಾಲು ಓದಿ ನಾವಿಲ್ಲಿ ನಕ್ಕು ಸುಸ್ತಾಗಿದ್ವಿ, ಬೇಕಂತಲೇ ಕಾಲೆಳೆದಿದ್ದೀರಿ ಅಂದ್ಕೊಂಡಿದ್ದೆ. ಈಗ ಎಲ್ಲ ತೆಗೀತಿದ್ದೀನಿ. ಬದಲಿಗೆ ನೀವು ಹೇಳಿದ್ದನ್ನೇ ಟೈಪ್ ಮಾಡಿಸಿ ಹಾಕ್ತೀನಿ, ಅರ್ಧ ವೇಗ, ಕಾಲರ್, ಮೆಟ್ಟಿಲು ಎಲ್ಲ ಸೇರಿಸಿ. ಡೋಲು ಮಾತ್ರ ಬಿಡ್ತೀನಿ. ಮುಂದಿನ ವಾರಕ್ಕೆ ಇನ್ನೂ ಮೂರು ಹಾಡು ಕಳಿಸ್ತೀನಿ, ನೀವೇ ಬರೀಬೇಕು."

ಮಗಳು ಚಪ್ಪಾಳೆ ತಟ್ಟಿದಳು. ಟೈಲರಮ್ಮ "ಹೂಂ" ಎಂದಳು. ಅಂಕಣದವರು ಮಾತ್ರ ಲೋಟ ಹಿಡಿದುಕೊಂಡೇ ಯೋಚನೆಗೆ ಬಿದ್ದರು.

ಅಂಕಣದವರು: ಒಂದು ನಿಮಿಷ. ನಾನು ಎಷ್ಟು ಹೊತ್ತು ಮಾತಾಡಿದೆ?

ಮಗಳು: ಎಂಟು ನಿಮಿಷದ ಮೇಲೆ. ಇಲ್ಲೇ ತೋರಿಸ್ತಿದೆ.

ಅಂಕಣದವರು: ಕಳಿಸಿ ಎಂಟು ನಿಮಿಷ ಆಯ್ತಾ?

ಮಗಳು: ಇಲ್ಲ... ಐದೂ ಆಗಿಲ್ಲ.

ಅಂಕಣದವರು: ಪೂರ್ತಿ ಕೇಳಿದೆ ಅಂದಳಲ್ಲ? ಎಂಟು ನಿಮಿಷದ್ದನ್ನ ಅಷ್ಟು ಬೇಗ ಹೇಗೆ ಕೇಳಿದಳು?

ಮಗಳು ಚಾವಣಿ ನೋಡಿದಳು. ಆಮೇಲೆ ತನ್ನ ಪ್ಯಾಂಟಿನ ಅಂಚು ನೋಡಿದಳು.

ಮಗಳು: ಅಪ್ಪಾ, ಬೇಜಾರು ಮಾಡ್ಕೋಬೇಡ. ಎರಡು ಪಟ್ಟು ವೇಗದಲ್ಲಿ ಕೇಳಿದ್ದಾಳೆ. ನಿನ್ನ ಮೆಸೇಜ್ ಯಾರೂ ಇದ್ದ ಹಾಗೇ ಕೇಳಲ್ಲ.

ಅಂಕಣದವರು: ಯಾರೂ ಅಂದ್ರೆ?

ಮಗಳು: ಚಿಕ್ಕಪ್ಪ ಎರಡು ಪಟ್ಟು. ಅತ್ತೆ ಎರಡು ಪಟ್ಟು. ನಾನು ನಿನ್ನ ಮೇಲೆ ಪ್ರೀತಿ ಇರೋದಕ್ಕೆ ಒಂದೂವರೆ.

ಅಂಕಣದವರು: ಹಾಗಾದ್ರೆ ಅವಳಿಗೆ ನನ್ನ ತಪ್ಪೊಪ್ಪಿಗೆ ಮಿಂಚಿನ ಹಾಡಿನ ಹಾಗೆ ಕೇಳಿಸಿದೆ!

ಮಗಳು: ಅದಕ್ಕೇ ಇಷ್ಟ ಆಗಿರಬೇಕು.

ಅಂಕಣದವರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು.

ಅಂಕಣದವರು: ನೀನು? ನೀನೂ ನನ್ನನ್ನ ಓಡಿಸಿ ಕೇಳ್ತೀಯಾ?

ಟೈಲರಮ್ಮ: ನನಗೆಲ್ಲಿಯ ಆ ಭಾಗ್ಯ? ನೀವು ನನಗೆ ಮೆಸೇಜ್ ಕಳಿಸಲ್ಲ, ಎದುರಿಗೇ ಕೂತ್ಕೋತೀರಿ. ಮದುವೆಯಾದ ದಿನದಿಂದ ನಿಮ್ಮನ್ನ ಇದ್ದ ವೇಗದಲ್ಲೇ, ಒಂದು ಪದ ಬಿಡದ ಹಾಗೆ ಕೇಳಿಸ್ಕೊಂಡವಳು ನಾನೊಬ್ಬಳೇ.

ಅಂಕಣದವರ ಕಣ್ಣು ಸ್ವಲ್ಪ ತೇವವಾಯಿತು. ಲೋಟ ಕೆಳಗಿಟ್ಟು, ಕುರ್ಚಿಯನ್ನು ಅವಳ ಅರ್ಧದೊಳಕ್ಕೆ ಎಳೆದುಕೊಂಡು ಆರಾಮಾಗಿ ಕೂತರು.

ಅಂಕಣದವರು: ಹಾಗಾದ್ರೆ ಕೇಳು. ಅವಳು ಕೈಬಿಟ್ಟಳಲ್ಲ, ಆ ಡೋಲಿನ ವಿಷಯ. ಅದು ನಿಜವಾಗಿ ಏನು ಅಂದ್ರೆ, ಮನುಷ್ಯ ಮೊಟ್ಟಮೊದಲು ಮರಕ್ಕೆ ಕೋಲಿನಿಂದ ಬಡಿದಾಗ...

ಟೈಲರಮ್ಮ: ಮಗಳೇ, ಹೊರಡೋಕೆ ಮುಂಚೆ ಬಾ ಇಲ್ಲಿ. ಆ ಎರಡು ಪಟ್ಟು ಅಂದ್ಯಲ್ಲ, ನಿಮ್ಮಪ್ಪನಿಗೆ ಎಲ್ಲಿ ಒತ್ತಬೇಕು?